ಕಾನು ಕಾಯುವವರ ಸಂಬಳ

೧೪-೧೧-೧೯೫೭, ಗುರುವಾರ

ಇವತ್ತು ಶಾಲೆಯ ಜಗುಲಿಯಲ್ಲಿ ಊರ ಸಭೆ ಸೇರಿ ನನ್ನನ್ನು ಕಾನು ಸಮಿತಿಯ ಕಾರ್ಯದರ್ಶಿ ಮಾಡಿತು. ನನ್ನ ಅರ್ಹತೆ ಎರಡು. ಜೇಬಿನಲ್ಲಿ ಪೆನ್ನಿತ್ತು. ಪಟೇಲ ಗೋಪಾಲಪ್ಪನವರು "ಯಾರು ಆಗ್ತೀರಿ?" ಎಂದು ಕೇಳಿದಾಗ ಉಳಿದವರೆಲ್ಲ ನೆಲ ನೋಡುತ್ತಿದ್ದರು, ನಾನೊಬ್ಬ ಆಕಳಿಸುತ್ತಿದ್ದೆ.

"ಬಾಯಿ ತೆಗೆದವ್ರು ಅಳಿಯಂದ್ರು. ಅವ್ರೇ ಆಗ್ಲಿ" ಎಂದರು ಪಟೇಲರು. ಚಪ್ಪಾಳೆ ಬಿತ್ತು. ಈ ಊರು ಇಷ್ಟು ಬೇಗ ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

ಇದು ನನ್ನ ಊರೂ ಅಲ್ಲ. ನಾನು ಶಿಕಾರಿಪುರದ ಬಟ್ಟೆ ವ್ಯಾಪಾರಿ. ಅಂಗಡಿಯಲ್ಲಿ ಅಣ್ಣ ಮಹೇಶ್ವರಪ್ಪನ ಜೊತೆ ಜಗಳವಾಡಿ, ಉಟ್ಟ ಬಟ್ಟೆಯಲ್ಲಿ ಹೊರಟು, ಸೊರಬ ತಾಲೂಕಿನ ಈ ಮಾವಿನಬೈಲಿಗೆ, ಹೆಂಡತಿಯ ತವರಿಗೆ ಬಂದು ಒಂದೂವರೆ ವರ್ಷವಾಯಿತು. ಅಂಗಡಿಯ ಕಟ್ಟಡದಲ್ಲಿ ಅರ್ಧ ನನ್ನ ಹೆಸರಿನಲ್ಲೇ ಇದೆ. ಆದರೆ ಗಾದಿಯ ಮೇಲೆ ಕೂತಿರುವುದು ಅಣ್ಣ. ನಾನು ಇಲ್ಲಿ ಅತ್ತೆಯ ಜಗುಲಿಯ ಮೇಲೆ ಕೂತು, ಅವನು ಎಂದು ಕರೆಯುತ್ತಾನೆ ಎಂದು ಕಾಯುತ್ತಿದ್ದೇನೆ.

ಕಾನು ಎಂದರೆ ಊರ ಹಿಂದಿನ ಕರೇಕಾನು. ಇನ್ನೂರು ಎಕರೆ ಕತ್ತಲು. ಅದರೊಳಗಿಂದ ಹರಿದು ಬರುವ ಹಳ್ಳ ಊರ ಕೆರೆ ತುಂಬಿಸುತ್ತದೆ. ಹೋದ ವರ್ಷ ಸರ್ಕಾರ ಅದನ್ನು ಊರಿನ ಸುಪರ್ದಿಗೆ ಬಿಟ್ಟುಕೊಟ್ಟಿತಂತೆ, ಎರಡು ಷರತ್ತಿನ ಮೇಲೆ. ಸಂಬಳ ಕೊಟ್ಟು ಒಬ್ಬ ಕಾವಲುಗಾರನನ್ನು ಇಡಬೇಕು. ಪ್ರತಿ ಜನವರಿ ಮುಗಿಯುವುದರೊಳಗೆ ಬೆಟ್ಟದ ಕಡೆಯ ಅಂಚಿನಲ್ಲಿ ಹುಲ್ಲು, ಪೊದೆ ಕಡಿದು ಬೆಂಕಿ ದಾಟದ ಹಾಗೆ ಬೋಳು ಪಟ್ಟಿ ಮಾಡಬೇಕು. ಅದಕ್ಕೆ ಬೆಂಕಿಗೆರೆ ಎನ್ನುತ್ತಾರೆ. ಎರಡು ವರ್ಷ ತಪ್ಪಿದರೆ ಕಾನು ವಾಪಸ್ಸು, ಮರ ಹರಾಜಿಗೆ. ಮೊದಲನೇ ವರ್ಷ ಊರು ಯಶಸ್ವಿಯಾಗಿ ತಪ್ಪಿಯಾಗಿದೆ.

ನಾನು ಬಟ್ಟೆ ಅಳೆದು ಬದುಕಿದವನು. ಮರಕ್ಕೂ ನನಗೂ ಏನು ಸಂಬಂಧ?

೨೪-೧೧-೧೯೫೭, ಭಾನುವಾರ

ವಂತಿಗೆ ಎತ್ತಲು ಹೊರಟೆ. ಅರವತ್ತೆರಡು ಮನೆಗಳಿಂದ ಸಿಕ್ಕಿದ್ದು ಏಳು ರೂಪಾಯಿ, ಒಂದು ಕುಂಬಳಕಾಯಿ, ಒಂದು ಹುಂಜ. ಲಿಂಗ ಕಟ್ಟಿಕೊಂಡವನ ಕೈಗೆ ಹುಂಜ ಕೊಟ್ಟ ಮಹಾನುಭಾವ ಆನಂದಪ್ಪ, ಊರ ಕೊನೆಯ ಹೊಸ ಹೆಂಚಿನ ಮನೆಯವನು. "ಬ್ಯಾಡ ಅಂದ್ರೆ ವಾಪಸ್ ಕೊಡಿ" ಎಂದ. ಕೊಟ್ಟೆ. ಈಗ ವಂತಿಗೆ ಕೊಟ್ಟಾಗಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಕಾವಲುಗಾರ ದೊಡ್ಡಬೀರಪ್ಪನನ್ನೂ ನೋಡಿದೆ. ಅರವತ್ತು ದಾಟಿದ, ಒಣಗಿದ ಮುದುಕ. ಐದು ತಿಂಗಳಿಂದ ಸಂಬಳವಿಲ್ಲ. ಹಾಗಾಗಿ ವಾರಕ್ಕೊಮ್ಮೆ ಕಾನಿನ ಅಂಚಿಗೆ ಹೋಗಿ, ಹೊರಗೆ ನಿಂತು ಒಂದು ಕೂಗು ಹಾಕಿ ಬರುತ್ತಾನಂತೆ.

"ಕೂಗಿಗೆ ಎಷ್ಟಪ್ಪಾ?" ಎಂದೆ.

"ಕೂಗು ಪುಕ್ಕಟೆ ಸಾವ್ಕಾರ್ರೆ" ಎಂದ. "ಒಳಗೆ ಹೋಗಕ್ಕೆ ಸಂಬಳ."

ಈ ಊರಿನಲ್ಲಿ ವ್ಯಾಪಾರ ಗೊತ್ತಿರುವ ಒಬ್ಬನಾದರೂ ಸಿಕ್ಕಿದ.

೯-೧೨-೧೯೫೭, ಸೋಮವಾರ

ಮನೆಯ ಬಾಗಿಲಲ್ಲಿ ಕೇಳಿದ್ದು ತಪ್ಪು. ಗಿರಾಕಿಯ ಮನಸ್ಸು ಉಬ್ಬಿರುವಾಗ ಕೇಳಬೇಕು. ಈಗ ಒಕ್ಕಣೆಯ ಕಾಲ. ಕಣದಲ್ಲಿ ಬತ್ತದ ರಾಶಿ ಬಿದ್ದ ಹೊತ್ತಿಗೆ ಸರಿಯಾಗಿ ಹೋಗಿ ನಿಂತೆ. "ಕೆರೆ ನೀರಿನ ಪಾಲು ಕೊಡ್ರಿ" ಎಂದೆ. ರಾಶಿಯ ಮುಂದೆ ನಿಂತು ಒಂದು ಕೊಳಗ ಬತ್ತ ಇಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಹತ್ತು ದಿನದಲ್ಲಿ ಎರಡು ಗಾಡಿಯಾಯಿತು. ಸೊರಬದಲ್ಲಿ ಮಾರಿ, ದೊಡ್ಡಬೀರಪ್ಪನ ಹಳೆಯ ಬಾಕಿ ಪೂರ್ತಿ ಕೊಟ್ಟೆ.

ಅವನು ನೋಟುಗಳನ್ನು ಹೆಂಡತಿ ಹುಚ್ಚಮ್ಮನ ಕೈಗಿಟ್ಟು, ಕತ್ತಿ ತೆಗೆದುಕೊಂಡು ಹೊರಟೇಬಿಟ್ಟ. "ನೀವೂ ಬನ್ನಿ, ಎಂತ ಕಾಯ್ತಿದ್ದೀರಿ ಅಂತಾದ್ರೂ ನೋಡಿ" ಎಂದು ನನ್ನನ್ನೂ ಎಳೆದುಕೊಂಡು ಹೋದ.

ನೋಡಿದೆ. ದಾರಿ ಇಲ್ಲ, ಬಿಸಿಲಿಲ್ಲ, ಕೂರಲು ಜಾಗವಿಲ್ಲ. ಎರಡು ಕಡೆ ಬಿದ್ದೆ. ಮರಮರಕ್ಕೂ ಕಾಡು ಮೆಣಸಿನ ಬಳ್ಳಿ. ಬಂಡೆಯ ಕೆಳಗೆ ನೀರು ಹರಿಯುವ ಸದ್ದು ಕೇಳಿ ಎಂದು ನನ್ನ ತಲೆ ಬಗ್ಗಿಸಿದ. ನನಗೆ ನನ್ನ ಏದುಸಿರು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮರಗಳ ಹೆಸರು ಒಂದೊಂದಾಗಿ ಹೇಳುತ್ತಾ ಹೋದ. ಒಂದೂ ನೆನಪಿಲ್ಲ. ಮಂಡಿ ನೋಯುತ್ತಿದೆ.

೨೭-೧೨-೧೯೫೭, ಶುಕ್ರವಾರ

ಮೆಣಸು ಹಣ್ಣಾಗುವ ಮೊದಲೇ ಕದ್ದು ಕೊಯ್ದವರಿಗೆ ಒಂದೂಕಾಲು ರೂಪಾಯಿ ದಂಡ ಎಂದು ಹೋದ ವಾರ ಡಂಗುರ ಹೊಡೆಸಿದ್ದೆ. ಇವತ್ತು ದೊಡ್ಡಬೀರಪ್ಪ ಮೊದಲ ಕಳ್ಳರನ್ನು ಹಿಡಿದು ತಂದ. ನನ್ನ ಅತ್ತೆ, ಮಹಾದೇವಮ್ಮನವರು. ಮಡಿಲ ತುಂಬ ಹಸಿ ಮೆಣಸು.

ಅತ್ತೆಯವರು ಅಳಿಯನ ಜೊತೆ ನೇರ ಮಾತಾಡುವವರಲ್ಲ. ನಾನು ಎದುರಿಗೇ ಇದ್ದರೂ ಮಾತು ನನ್ನ ಹೆಂಡತಿ ನೀಲಾಂಬಿಕಳ ಮೂಲಕ ಸುತ್ತಿ ಬರುತ್ತದೆ.

"ನಿನ್ನ ಗಂಡಂಗೆ ಹೇಳು, ಉಪ್ಪಿನಕಾಯಿಗೆ ಅಂತ ನಾಕು ಕರೆ ಮೆಣಸು ಕೊಯ್ದಿದ್ದು. ನಾನು ಹುಟ್ಟೋಕ್ ಮುಂಚಿಂದ್ಲೂ ಈ ಮನೆಯೋರು ಕೊಯ್ತಿದ್ದಾರೆ."

"ನಿಮ್ಮಮ್ಮನಿಗೆ ಹೇಳು, ಹಾಗಾದರೆ ಹಳೇ ಬಾಕಿ ಬಹಳ ಇದೆ" ಎಂದೆ.

ನೀಲಾಂಬಿಕ ಇಬ್ಬರಿಗೂ ಏನೂ ಹೇಳದೆ ಒಳಗೆ ಹೋದಳು. ಅತ್ತೆಯವರು ದಂಡ ಕಟ್ಟಿದರು. ಹೊಸ ಪೈಸೆಯ ಲೆಕ್ಕ ತಮಗೆ ಬೇಡವೆಂದು ರೂಪಾಯಿಯ ಜೊತೆ ಹಳೆಯ ನಾಲ್ಕಾಣೆಯನ್ನೇ ಕಲ್ಲಿನ ಮೇಲೆ ಕುಕ್ಕಿದರು. ರಾತ್ರಿ ನನ್ನ ಸಾರಿಗೆ ಉಪ್ಪಿರಲಿಲ್ಲ. ಆದರೆ ಊರಿನಲ್ಲಿ ಇನ್ನು ಯಾರೂ ಮೆಣಸು ಮುಟ್ಟುವುದಿಲ್ಲ. ಸ್ವಂತ ಅತ್ತೆಯನ್ನೇ ಬಿಡದವನು ಬೇರೆಯವರನ್ನು ಬಿಡುತ್ತಾನೆಯೇ ಎಂಬ ಕೀರ್ತಿ ಹಬ್ಬಿದೆ.

೮-೧-೧೯೫೮, ಬುಧವಾರ

ಅಣ್ಣ ಬಂದಿದ್ದ! ಜೀಪಿನಲ್ಲಿ, ಗಂಜಿ ಹಾಕಿದ ಧೋತ್ರದಲ್ಲಿ. ಕಾನಿನ ಅಂಚಿನಲ್ಲಿ ಇಳಿದು ಮರಗಳನ್ನು ಬುಡದಿಂದ ತುದಿಯವರೆಗೆ ನೋಡಿದ. ಅಂಗಡಿಯಲ್ಲಿ ಗಿರಾಕಿಯ ಹೆಂಡತಿಯ ಕೊರಳು ನೋಡಿ ಸೀರೆಯ ಬೆಲೆ ಹೇಳುವ ಅದೇ ನೋಟ. ಈಗ ಕಾಡಿನ ಮರ ಕಡಿಸುವ ನಾಟಾ ಕಂಟ್ರಾಕ್ಟು ಹಿಡಿಯುತ್ತಿದ್ದಾನಂತೆ. ಕರೇಕಾನು ಹರಾಜಿಗೆ ಬಂದರೆ ಅವನೇ ಹಿಡಿಯುತ್ತಾನೆ.

"ಶಿವಮೂರ್ತಿ, ನೀ ವಾಪಸ್ ಬಂದ್ಬಿಡು. ಗಾದಿ ಮ್ಯಾಲೆ ಇಬ್ರೂ ಕೂಡಾಣ" ಎಂದ.

ಒಂದೂವರೆ ವರ್ಷ ಕಾದ ಮಾತು. ಕಣ್ಣಲ್ಲಿ ನೀರು ಬಂತು. ಸುಳ್ಳಲ್ಲ.

"ಅದಕ್ಕೆ ನಾನೇನು ಮಾಡ್ಬೇಕಣ್ಣ?"

"ಏನೂ ಮಾಡಬ್ಯಾಡ. ಬೆಂಕಿಗೆರೆ ಕಡಿಸಬ್ಯಾಡ, ಅಷ್ಟ. ಏನೂ ಮಾಡ್ದೆ ಕೂಡೋದು ನಿನಗೇನ್ ಹೊಸಾದಾ?"

ಒಪ್ಪಿಕೊಂಡೆ. ಇಷ್ಟು ಸುಲಭದ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ನೀಲಾಂಬಿಕಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಹೂಂ" ಎಂದಳು. ಆಮೇಲೆ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು.

೧೨-೧-೧೯೫೮, ಭಾನುವಾರ

ಕಾನಿನ ಅಂಚಿನಲ್ಲಿ ಎರಡು ಮಂಗ ಸತ್ತು ಬಿದ್ದಿವೆ. ಹೋದ ವರ್ಷ ಕ್ಯಾಸನೂರಿನ ಕಡೆ ಹೀಗೇ ಮೊದಲು ಮಂಗ ಸತ್ತವು, ಆಮೇಲೆ ಜನ ಜ್ವರದಲ್ಲಿ ಬಿದ್ದರು. ಪುಣೆಯಿಂದ ಬಂದ ಡಾಕ್ಟರುಗಳು, ಕಾಡಿನ ತರಗೆಲೆಯಲ್ಲಿರುವ ಉಣುಗು ಎಂಬ ಸಣ್ಣ ಹುಳ ಕಚ್ಚಿ ಬರುವ ಜ್ವರ ಎಂದು ಹೇಳಿದರಂತೆ. ಇಲ್ಲಿಯವರಿಗೆ ಗೊತ್ತಿರುವುದು ಇಷ್ಟೇ: ಕಾನಿಗೆ ಹೋದರೆ ಸಾವು.

ಇನ್ನು ಬೆಂಕಿಗೆರೆಗೆ ಒಂದಾಳೂ ಬರುವುದಿಲ್ಲ. ನನಗೆ ನೆವ ತಾನಾಗಿಯೇ ಒದಗಿತು ಎಂದುಕೊಂಡು ಹಗುರಾದೆ.

ಮಧ್ಯಾಹ್ನ ಹುಚ್ಚಮ್ಮ ಬಂದಳು. ದೊಡ್ಡಬೀರಪ್ಪನಿಗೆ ನಾಲ್ಕು ದಿನದಿಂದ ಜ್ವರ. ಗಾಡಿ ಕಟ್ಟಿಸಿ ಸೊರಬದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ತಲೆನೋವು ಎಂದು ನರಳಿದ. ನಡುವೆ ಒಮ್ಮೆ ಕಣ್ಣು ಬಿಟ್ಟು, "ಗೆರೆ ಯಾವತ್ತಿಂದ ಶುರು ಸಾವ್ಕಾರ್ರೆ?" ಎಂದು ಕೇಳಿದ. "ನೀನು ಎದ್ದ ಮೇಲೆ" ಎಂದೆ. ಬೇರೆ ಏನು ಹೇಳಲಿ?

೧೬-೧-೧೯೫೮, ಗುರುವಾರ

ದೊಡ್ಡಬೀರಪ್ಪ ಹೋದ.

ಮಣ್ಣು ಮಾಡಿ ಬರುವಾಗ ಹುಚ್ಚಮ್ಮ ಹೇಳಿದಳು: "ದುಡ್ಡಿಲ್ದಾಗ ಹೊರಗ್ ನಿಂತು ಕೂಗಿ ಬರ್ತಿದ್ರು. ನೀವ್ ಸಂಬಳ ಕೊಟ್ಮೇಲೆ ದಿನಾ ಒಳಗ್ ಹೋದ್ರು." ಬೈಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ಊಟ ಬೇಡವಾಯಿತು.

೨೬-೧-೧೯೫೮, ಭಾನುವಾರ

ಶಾಲೆಯಲ್ಲಿ ಬಾವುಟ ಹಾರಿಸಿ, ಸಕ್ಕರೆ ಹಂಚಿ, ಅದೇ ಕಂಬದ ಕೆಳಗೆ ಕಾನು ಸುಡುವ ಸಭೆ ಶುರುವಾಯಿತು. ಹೊರಡುವಾಗಲೇ ಬಾಯಿ ತೆರೆಯಬಾರದು ಎಂದು ನಿರ್ಧರಿಸಿದ್ದೆ. ಆಕಳಿಸಲೂಬಾರದು ಎಂದು.

ಆನಂದಪ್ಪನದೇ ದೊಡ್ಡ ಗಂಟಲು. "ಸುಟ್ಟಾಕಿ. ಮಂಗನೂ ಹೋತಾವೆ, ಜ್ವರನೂ ಹೋತದೆ!" ಪಟೇಲರು ತಲೆ ಆಡಿಸಿದರು. ಒಬ್ಬ ಬೆಂಕಿಪೆಟ್ಟಿಗೆ ಅಲ್ಲಾಡಿಸಿಯೂ ತೋರಿಸಿದ.

ಏನಾಯಿತೋ, ನನ್ನ ಬಾಯಿ ತೆರೆಯಿತು. "ಸುಡ್ರಿ. ಆದರೆ ಬೆಂಕಿ ಹತ್ತಿದ ಮೇಲೆ ಇನ್ನೂರು ಎಕರೆ ಮಂಗಗಳು ಎಲ್ಲಿಗೆ ಹೋಗ್ತಾವೆ? ಉಣುಗನ್ನು ಅಲ್ಲೇ ಬಿಟ್ಟು ಬರ್ತಾವೇನು? ಕಾನಿಗೆ ಹತ್ತಿರದ ಮನೆ ನಿಮ್ಮದು, ಆನಂದಪ್ಪ. ಹೊಸ ಹೆಂಚು. ಕೂತುಕೊಳ್ಳೋಕೆ ಚಂದ."

ಆನಂದಪ್ಪ ತಿರುಗಿ ತನ್ನ ಮನೆಯ ಕಡೆ ನೋಡಿದ. ಊರೂ ನೋಡಿತು.

ಆಗ ಹೆಂಗಸರ ಹಿಂದಿನಿಂದ ಹುಚ್ಚಮ್ಮ ಎದ್ದಳು. "ಅವ್ರು ಸತ್ತಿದ್ದು ಕಾನು ಕಾಯಕ್ಕೆ. ನೀವದನ್ನ ಸುಟ್ರೆ ಅವ್ರು ಎಂತಕ್ಕೆ ಸತ್ತಂಗಾತು? ಆ ಕೆಲ್ಸ ನಂಗೆ ಕೊಡಿ. ಮಳೆ ಬಿದ್ದು ಉಣುಗು ಹೋಗೋವರ್ಗೂ ಅಂಚಲ್ಲಿ ಕಾಯ್ತೀನಿ. ಆಮೇಲೆ ಒಳಗೆ ಹೋಗ್ತೀನಿ."

"ಹೆಂಗಸ್ರು ಕಾವಲು ಕಾಯೋದು ಎಲ್ಲಾದ್ರೂ ಉಂಟೇನಮ್ಮಾ?" ಎಂದರು ಪಟೇಲರು.

"ಇಷ್ಟು ದಿನ ಕಾನಿನ ದೇವಿ ಚೌಡಮ್ಮ ಕಾಯ್ತಾಳೆ ಅಂತಿದ್ರಲ್ಲ ಪಟೇಲರೇ, ಅವಳೇನು ಗಂಡಸಾ?" ಎಂದೆ.

ನಗು ಎದ್ದಿತು. ನಗುವಾಗ ಬೆಂಕಿ ಇಡುವುದು ಕಷ್ಟ. ಕಾವಲು ಹುಚ್ಚಮ್ಮನಿಗೆ ಎಂದಾಗಿ ಸಭೆ ಮುರಿಯಿತು. ಎಲ್ಲ ನಾನು ಆನಂದಪ್ಪನ ಮೇಲಿನ ಸಿಟ್ಟಿಗೆ ಹೇಳಿದ್ದು. ಕಾನಿಗೂ ಅದಕ್ಕೂ ಸಂಬಂಧವಿಲ್ಲ.

೨೭-೧-೧೯೫೮, ಸೋಮವಾರ

ನಾಲ್ಕೇ ದಿನ ಉಳಿದಿವೆ. ಗೆರೆ ಒಂದೂವರೆ ಮೈಲಿ. ಅಣ್ಣನಿಗೆ ಕೊಟ್ಟ ಮಾತು ನೆನಪಿದೆ. ಆದರೆ ಒಬ್ಬನೇ ಒಂದು ದಿನ ಕಡಿದರೆ ಗೆರೆಯೂ ಮುಗಿಯುವುದಿಲ್ಲ, ಮಾತೂ ಮುರಿಯುವುದಿಲ್ಲ. ಮನೆಯಲ್ಲಿ ಕೂತರೆ ಆ ಮುದುಕ ಗಾಡಿಯಲ್ಲಿ ಮಲಗಿ ಕೇಳಿದ ಮಾತೇ ಕಿವಿಯಲ್ಲಿ. ಅದಕ್ಕಿಂತ ಕತ್ತಿ ಹಿಡಿಯುವುದು ಮೇಲು.

ಸೊರಬದ ಡಾಕ್ಟರು ಹೇಳಿದ ಹಾಗೆ ತೊಡೆಯವರೆಗೆ ಬಟ್ಟೆ ಸುತ್ತಿ, ಕೈಕಾಲಿಗೆ ಹೊಂಗೆ ಎಣ್ಣೆ ಬಳಿದುಕೊಂಡು ಹೊರಟೆ. ನನ್ನ ನಾತಕ್ಕೆ ನಾಯಿಗಳು ದಾರಿ ಬಿಟ್ಟವು. ಅಂಚಿಗೆ ಹೋಗಿ ನೋಡಿದರೆ ಹುಚ್ಚಮ್ಮ ಆಗಲೇ ಹತ್ತು ಮಾರು ಕಡಿದಿದ್ದಾಳೆ. ಪಕ್ಕದಲ್ಲಿ ಸೀರೆ ಎತ್ತಿ ಕಟ್ಟಿ, ಎಣ್ಣೆಯಲ್ಲಿ ಮಿಂದು ನಿಂತವರು ನನ್ನ ಅತ್ತೆ.

ನಾನು ಕತ್ತಿ ಬೀಸಿದೆ. ಅತ್ತೆಯವರು ಸ್ವಲ್ಪ ಹೊತ್ತು ನೋಡಿದರು. ಹೇಳಿ ಕಳಿಸಲು ಮಗಳು ಅಲ್ಲಿರಲಿಲ್ಲ.

"ಹಂಗಲ್ಲ, ಬುಡಕ್ಕೆ ಹೊಡೀರಿ" ಎಂದರು, ನನಗೇ. "ಬಟ್ಟೆ ಹರಿದಂಗೆ ಹರಿತಿದ್ದೀರಲ್ಲ."

೩೧-೧-೧೯೫೮, ಶುಕ್ರವಾರ

ಎರಡನೇ ದಿನ ಏಳು ಜನ. ಮೂರನೇ ದಿನ ಇಪ್ಪತ್ತು. ನಿನ್ನೆ ಪಟೇಲರೂ ಬಂದರು, ಎಣ್ಣೆ ಹಚ್ಚಿದ ಕಾಲನ್ನು ಜರತಾರಿ ಪಂಚೆಯಿಂದ ಮುಚ್ಚಿಕೊಂಡು. ಪ್ರತಿ ಸಂಜೆ ಹಳ್ಳದ ದಡದಲ್ಲಿ ನೀರು ಕಾಯಿಸಿ ಮಿಂದು, ಒಬ್ಬರ ಬೆನ್ನನ್ನು ಇನ್ನೊಬ್ಬರು ಉಣುಗು ಇದೆಯೇ ಎಂದು ನೋಡಿದೆವು. ಪಟೇಲರ ಬೆನ್ನು ನನ್ನ ಪಾಲಿಗೆ ಬಂತು. ಕಂದಾಯ ವಸೂಲಿಗೆ ಬರುವ ಮುಖಕ್ಕಿಂತ ಬೆನ್ನೇ ವಾಸಿ.

ಇವತ್ತು ಬಿಸಿಲು ಇಳಿಯುವ ಹೊತ್ತಿಗೆ ಗೆರೆ ಮುಗಿಯಿತು. ಅಂಗೈಯಲ್ಲಿ ಆರು ಬೊಬ್ಬೆ. ಪೆನ್ನು ಹಿಡಿಯಲು ಆಗುತ್ತಿಲ್ಲ.

೮-೨-೧೯೫೮, ಶನಿವಾರ

ರೇಂಜರ್ ಸಾಹೇಬರು ಬಂದು, ಗೆರೆಯ ಮೇಲೆ ಹೆಜ್ಜೆ ಅಳೆದು, ಸಹಿ ಹಾಕಿ ಹೋದರು. ಈ ವರ್ಷಕ್ಕೆ ಕಾನು ಊರಿನದೇ. ಜ್ವರವಿರುವ ಕಾರಣ ಮೆಣಸು ಕೊಯ್ಯಬಾರದು ಎಂದು ನಾನೇ ತೀರ್ಮಾನ ಮಾಡಿದೆ. ಬರಬಹುದಾಗಿದ್ದ ದುಡ್ಡು ಹಕ್ಕಿಗಳ ಹೊಟ್ಟೆಗೆ ಹೋಯಿತು.

ಅಣ್ಣ ಕಾಗದ ಬರೆದಿದ್ದಾನೆ. ಎರಡೇ ಸಾಲು. ಏನೂ ಮಾಡದೆ ಕೂಡುವುದೂ ನಿನ್ನ ಕೈಲಾಗಲಿಲ್ಲ, ಇನ್ನು ನೀನು ಯಾವುದಕ್ಕೂ ಆಗುವವನಲ್ಲ, ಎಂದು. ಮುಂದಿನ ವರ್ಷ ನೋಡೋಣ ಎಂದು ಉತ್ತರ ಬರೆಯಬೇಕೆಂದಿದ್ದೆ. ಗೆರೆಯ ತಿರುವಿನಲ್ಲಿ ಒಂದು ಒಣ ಮರ ಬಿದ್ದಿದೆ ಎಂದು ಹುಚ್ಚಮ್ಮ ಕರೆದಳು. ಹೋದೆ.

೨೯-೩-೧೯೫೮, ಶನಿವಾರ

ಮಧ್ಯಾಹ್ನ ಆಚೆ ಬೆಟ್ಟದಲ್ಲಿ ಯಾರೋ ಹುಲ್ಲಿಗೆ ಇಟ್ಟ ಬೆಂಕಿ ಗಾಳಿಗೆ ಇತ್ತ ಹೊರಳಿತು. ಹುಚ್ಚಮ್ಮ ಕೂಗಿದ ಕೂಗಿಗೆ ಊರೆಲ್ಲ ಓಡಿತು. ಬೆಂಕಿ ಆಳೆತ್ತರ ಬಂದು, ಗೆರೆಯ ಮುಂದೆ ನಿಂತು, ತಿನ್ನಲು ಏನೂ ಸಿಗದೆ ಕುಸಿಯಿತು. ಒಂದೇ ಕಡೆ ದಾಟಿತು. ನಾನು ಕೊನೆಯ ದಿನ ಸಾಕು ಎಂದು ಕಿರಿದು ಮಾಡಿದ್ದ ಜಾಗದಲ್ಲಿ. ಮೂರು ಎಕರೆ ಹೋಯಿತು. ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಬಡಿದು ಆರಿಸಿದೆವು. ಸುಡಬೇಕೆಂದು ಕೂಗಿದ್ದ ಆನಂದಪ್ಪ ಎಲ್ಲರಿಗಿಂತ ಮುಂದೆ ನಿಂತು ಬಡಿದ. ಮಂಗಗಳು ತನ್ನ ಹೆಂಚಿಗೆ ಬರುತ್ತವೆಂಬ ಭಯವಿರಬೇಕು. ಹುಬ್ಬು ಸುಟ್ಟುಕೊಂಡಿದ್ದಾನೆ.

ಆ ಮೂರು ಎಕರೆಯಲ್ಲಿ ಹತ್ತು ಧೂಪದ ಮರ, ನಾಲ್ಕು ಹೆಬ್ಬಲಸು, ಎರಡು ಹಳೇ ಸುರಹೊನ್ನೆ. ಎಲ್ಲ ನನ್ನ ಸೋಮಾರಿತನಕ್ಕೆ.

೧೨-೫-೧೯೫೮, ಸೋಮವಾರ

ನಿನ್ನೆ ಶಿಕಾರಿಪುರಕ್ಕೆ ಹೋಗಿ ಇವತ್ತು ವಾಪಸ್ ಬಂದೆ. ಅಂಗಡಿಯ ಮೇಲೆ ಮಾಳಿಗೆ ಕಟ್ಟಿಸಲು ಪುರಸಭೆ ನನ್ನ ಸಹಿಯೂ ಬೇಕು ಎಂದಿದೆಯಂತೆ. ಅಣ್ಣ ಆಳನ್ನು ಕಳಿಸಿದ್ದ.

ಗಾದಿಯ ಮೇಲೆ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಮೆತ್ತಗಿತ್ತು. ಬಳ್ಳಿಗಾವಿಯ ರೈತನೊಬ್ಬ ಮಗಳ ಮದುವೆಗೆ ಸೀರೆ ಕೊಳ್ಳಲು ಬಂದಿದ್ದ. ಅವನ ಕಡೆ ಉಣುಗಿನ ಕಾಟ ಹೇಗಿದೆ, ಕೆರೆಗೆ ನೀರು ಎಲ್ಲಿಂದ ಎಂದೆಲ್ಲ ವಿಚಾರಿಸಿದೆ. ಒಂದು ಗಂಟೆ ಮಾತಾಡಿ ಅವನು ಏನೂ ಕೊಳ್ಳದೆ ಎದ್ದುಹೋದ. ಅಣ್ಣ ಹಲ್ಲು ಕಡಿದ.

"ಸಹಿ ಹಾಕ್ತೀನಿ" ಎಂದೆ. "ನನ್ನ ಅರ್ಧಕ್ಕೆ ತಿಂಗಳಿಗೆ ಹದಿನೆಂಟು ರೂಪಾಯಿ ಬಾಡಿಗೆ ಕೊಡು. ನನಗಲ್ಲ. ಪ್ರತಿ ತಿಂಗಳು ಒಂದನೇ ತಾರೀಕು ಮಾವಿನಬೈಲಿನ ಹುಚ್ಚಮ್ಮನ ಹೆಸರಿಗೆ ಮನಿ ಆರ್ಡರ್ ಮಾಡ್ಬೇಕು. ಅವಳು ಇರೋವರೆಗೂ. ಪತ್ರದಲ್ಲಿ ಬರೆದು ಕೊಡು."

ಬತ್ತ ಎತ್ತಿದ ದುಡ್ಡು ಯಾವತ್ತೋ ಮುಗಿದಿತ್ತು. ಅವಳಿಗೆ ಮೂರು ತಿಂಗಳ ಬಾಕಿ. ಗಂಡನ ಹಾಗೆ ಅವಳೂ ಹೊರಗೆ ನಿಂತು ಕೂಗಬಾರದಲ್ಲ.

ಅಣ್ಣ ಪೆನ್ನು ಕೆಳಗಿಟ್ಟ. ಸುತ್ತ ನೋಡಿ ದನಿ ತಗ್ಗಿಸಿದ. "ಯಾರೋ ಈ ಹುಚ್ಚಮ್ಮ?"

"ಒಬ್ಬಳು ಹೆಂಗಸು. ಗಂಡ ಇಲ್ಲ."

ಅವನ ಮುಖ ನಿಧಾನವಾಗಿ ಅರಳಿತು. ನನ್ನ ಬೆನ್ನು ತಟ್ಟಿದ. ಇಷ್ಟು ವರ್ಷದಲ್ಲಿ ಅಣ್ಣ ನನ್ನನ್ನು ಗೌರವದಿಂದ ನೋಡಿದ್ದು ಅದೇ ಮೊದಲು. "ನಿನ್ನ ಕೈಲಿ ಏನೂ ಆಗಂಗಿಲ್ಲ ಅಂದ್ಕಂಡಿದ್ದೆ ನೋಡು. ನೀಲಾಂಬಿಕಂಗೆ ತಿಳಿಬಾರ್ದು, ಹೌದಿಲ್ಲೋ?" ಎಂದು ಕಣ್ಣು ಮಿಟುಕಿಸಿ, ಒಂದು ರೂಪಾಯಿಯನ್ನೂ ಚೌಕಾಸಿ ಮಾಡದೆ ಪತ್ರ ಬರೆಸಿದ. ನಾನು ತಿದ್ದಲಿಲ್ಲ. ಸರಕು ಒಪ್ಪಿದ ಗಿರಾಕಿಯ ಮುಂದೆ ಬಾಯಿ ತೆರೆಯುವವನು ವ್ಯಾಪಾರಿಯಲ್ಲ.

ರಾತ್ರಿ ಉಳಿಯಲು ಹೇಳಿದ, ಉಳಿದೆ. ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಬಿಸಿಲು ಜೋರಾಗಿತ್ತು, ಗೆರೆಯ ಕಡೆ ಯಾರಾದರೂ ಬೀಡಿ ಎಸೆದರೆ ಎಂಬ ಚಿಂತೆ.

ಮನೆಗೆ ಬಂದು ನೀಲಾಂಬಿಕಳಿಗೆ ಎಲ್ಲ ಹೇಳಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ಮುಗಿಸಿ, "ಹಂಗಾದ್ರೆ ನಾವು ಶಿಕಾರಿಪುರಕ್ಕೆ ಹೋಗಲ್ವೇನ್ರಿ?" ಎಂದಳು.

"ಹೋಗೋಣ, ಹೋಗೋಣ. ಈ ಮಳೆಗಾಲದಲ್ಲಿ ಸುಟ್ಟ ಮೂರು ಎಕರೆಗೆ ಬೀಜ ಹಾಕಬೇಕು, ಅದು ಆಗಲಿ" ಎಂದೆ.

"ಹೂಂ" ಎಂದಳು. ಯಾಕೋ ಮತ್ತೆ ನಕ್ಕಳು.

೧೧-೬-೧೯೫೮, ಬುಧವಾರ

ಎರಡು ದಿನದಿಂದ ಮಳೆ. ಜ್ವರ ನಿಂತಿದೆ. ಇವತ್ತು ಅಂಚೆಯವನು ನೆನೆದುಕೊಂಡು ಬಂದು, ಹುಚ್ಚಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಹದಿನೆಂಟು ರೂಪಾಯಿ ಕೊಟ್ಟ. ಕಾಗದದ ತುಂಡನ್ನು ಅವಳು ನನ್ನ ಹತ್ತಿರ ತಂದು ಓದಿಸಿದಳು.

"ಮಹೇಶ್ವರಪ್ಪ, ಶಿಕಾರಿಪುರ ಅಂತ ಐತಾ? ಅವ್ರು ಯಾರು ಸಾವ್ಕಾರ್ರೆ?"

"ದೊಡ್ಡ ಮನುಷ್ಯರು. ನಮ್ಮ ಕಾನಿನ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣು" ಎಂದೆ.

"ದೇವ್ರು ಅವ್ರನ್ನ ಚೆನ್ನಾಗಿಟ್ಟಿರ್ಲಿ" ಎಂದು ಆ ಕಾಗದವನ್ನು ಕಣ್ಣಿಗೊತ್ತಿಕೊಂಡಳು. "ಒಂದ್ ದಿನ ಕರ್ಕಂಡ್ ಬನ್ನಿ. ಒಂದೊಂದ್ ಮರನೂ ತೋರಿಸ್ತೀನಿ."

ಮಳೆಗೆಂದು ಎಲೆಯ ಗೊರಬು ತಲೆಗೇರಿಸಿ, ದೊಡ್ಡಬೀರಪ್ಪನ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಳೆಯಲ್ಲಿ ಕಾನಿನೊಳಗೆ ಹೋದಳು.